ಹಿಂದೆ ಬಿದ್ದ ಹುರಿಯಾಳು ಕಣ ಬಿಡಬೇಕಾದದ್ದು ಯಾವಾಗ: 2008ರ ಹಿಲರಿ ಕ್ಲಿಂಟನ್ ಪ್ರಕರಣ

2008ರ ಮೇ 6ರಂದು ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆ ನಡೆಯಿತು. ಅಂದು ನಡುರಾತ್ರಿ ಕಳೆದರೂ ಲೇಕ್ ಕೌಂಟಿಯ ಲೆಕ್ಕ ಪೂರ್ತಿಯಾಗಿ ಕೈಸೇರಿರಲಿಲ್ಲ. ಚಿಕಾಗೊ ನಗರದ ಮಗ್ಗುಲಲ್ಲಿರುವ, ಗ್ಯಾರಿ ಪಟ್ಟಣವನ್ನು ಒಳಗೊಂಡ ಆ ಕೌಂಟಿಯ ಮತಗಳು ಸೇರುತ್ತ ಹೋದಂತೆ ಹಿಲರಿ ಕ್ಲಿಂಟನ್ ಅವರ ಮುನ್ನಡೆ ಕರಗುತ್ತ ಬಂದು, ಹನ್ನೆರಡೂವರೆ ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದ್ದ ರಾಜ್ಯದಲ್ಲಿ ಕೊನೆಗೆ ಅವರಿಗೆ ದಕ್ಕಿದ್ದು ಹದಿನಾಲ್ಕು ಸಾವಿರ ಚಿಲ್ಲರೆ ಮತಗಳ ಗೆಲುವು. ಅದೇ ದಿನ ನಾರ್ತ್ ಕೆರೊಲಿನಾದಲ್ಲಿ ಬರಾಕ್ ಒಬಾಮ ಅವರು 14 ಶೇಕಡಾ ಅಂಶಗಳ ಅಂತರದಿಂದ ಗೆದ್ದಿದ್ದರು. ಇಂಡಿಯಾನಾಪೊಲಿಸ್‌ನಲ್ಲಿ ಬೆಂಬಲಿಗರ ಎದುರು ನಿಂತ ಕ್ಲಿಂಟನ್ ಅವರು ಇನ್ನು ಪೂರ್ಣ ವೇಗದಲ್ಲಿ ಶ್ವೇತಭವನದ ಕಡೆಗೆ ಎಂದು ಸಾರಿದರು. ಅದೇ ರಾತ್ರಿ ದೂರದರ್ಶನದ ಹಿರಿಯ ಪತ್ರಕರ್ತ ಟಿಮ್ ರಸರ್ಟ್, ಡೆಮಾಕ್ರಟಿಕ್ ಪಕ್ಷದ ಹುರಿಯಾಳು ಯಾರೆಂಬುದು ಈಗ ಗೊತ್ತಾಗಿಹೋಗಿದೆ ಎಂದು ನೇರಪ್ರಸಾರದಲ್ಲಿ ಹೇಳಿಬಿಟ್ಟರು. ಮರುದಿನ ಬೆಳಿಗ್ಗೆ, 1972ರಲ್ಲಿ ಇದೇ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಿದ್ದ, ಅದುವರೆಗೆ ಕ್ಲಿಂಟನ್ ಅವರ ಬೆನ್ನಿಗಿದ್ದ ಜಾರ್ಜ್ ಮೆಕ್‌ಗವರ್ನ್ ಅವರು ಕಣದಿಂದ ಸರಿಯುವಂತೆ ಅವರಿಗೆ ಹೇಳಿ, ತಾವು ಒಬಾಮ ಅವರ ಕಡೆಗೆ ಹೋದರು.

ಕ್ಲಿಂಟನ್ ಅವರು ಸರಿಯಲಿಲ್ಲ. ಮತ್ತೆ ಒಂದು ತಿಂಗಳು, ಜೂನ್ 7ರವರೆಗೆ, ಅವರು ಕಣದಲ್ಲಿದ್ದರು. ಆ ತಿಂಗಳು, ಮತ್ತು ಅದಕ್ಕೂ ಹಿಂದಿನ ಎರಡು ತಿಂಗಳು, ಅವರು ಉಳಿದದ್ದು ಸರಿಯೇ ಎಂಬುದು ಈ ಅಧ್ಯಯನದ ಪ್ರಶ್ನೆ. ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಹೌದು ಅಥವಾ ಅಲ್ಲ ಎಂಬ ಒಂದೇ ಉತ್ತರಕ್ಕೆ ಇಳಿಸಿಬಿಡುತ್ತಾರೆ. ಅದು ಸಾಲದೆಂದು ನನಗೆ ಅನ್ನಿಸುತ್ತದೆ. ಉಳಿಯುವುದು ಒಂದು ವಿಚಾರ, ಉಳಿದು ಆಡುವ ಮಾತು ಇನ್ನೊಂದು ವಿಚಾರ, ಹೊರಡುವ ರೀತಿ ಮೂರನೆಯದು; ಈ ಮೂರನ್ನೂ ಒಂದೇ ತಕ್ಕಡಿಗೆ ಹಾಕಿ ತೂಗಿದ್ದರಿಂದಲೇ 2008ರ ವಾದವಿವಾದ ಅಷ್ಟು ಕಹಿಯಾಯಿತು.

ವ್ಯವಸ್ಥೆಯ ಒಳಗು

ಹೈಕಮಾಂಡ್ ಟಿಕೆಟ್ ಹಂಚಿ ಬಿ ಫಾರಂ ಕೊಡುವ ಪದ್ಧತಿಯನ್ನಷ್ಟೇ ಕಂಡಿರುವ ನಮಗೆ ಅಮೆರಿಕದ ಈ ಏರ್ಪಾಡು ಮೊದಲ ನೋಟಕ್ಕೆ ವಿಚಿತ್ರವಾಗಿ ತೋರಬಹುದು. ಅಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂಬುದನ್ನು ರಾಜ್ಯರಾಜ್ಯಗಳ ಸಾಮಾನ್ಯ ಮತದಾರರು ಜನವರಿಯಿಂದ ಜೂನ್‌ವರೆಗೆ ಸರದಿಯಂತೆ ಮತ ಹಾಕಿ ನಿರ್ಧರಿಸುತ್ತಾರೆ. ಕೆಲವು ರಾಜ್ಯಗಳಲ್ಲಿ ಮತಗಟ್ಟೆಗೆ ಹೋಗಿ ಮತ ಹಾಕುವ ಪ್ರೈಮರಿ ಇದ್ದರೆ, ಕೆಲವು ರಾಜ್ಯಗಳಲ್ಲಿ ಶಾಲೆ, ಸಭಾಭವನಗಳಲ್ಲಿ ಜನ ಸೇರಿ ಗಂಟೆಗಟ್ಟಲೆ ಕುಳಿತು ಬೆಂಬಲ ಸೂಚಿಸುವ ಕಾಕಸ್ ಇರುತ್ತದೆ. ಇವೆರಡರಿಂದಲೂ ಆಯ್ಕೆಯಾಗುವವರು ಡೆಲಿಗೇಟ್‌ಗಳು. ಬೇಸಿಗೆಯ ಕೊನೆಯಲ್ಲಿ ಸೇರುವ ಪಕ್ಷದ ಅಧಿವೇಶನದಲ್ಲಿ ಅವರ ಬಹುಮತ ಪಡೆದವರು ಅಧಿಕೃತ ಹುರಿಯಾಳಾಗುತ್ತಾರೆ.

ಡೆಮಾಕ್ರಟಿಕ್ ಪಕ್ಷದ ನಿಯಮದಲ್ಲಿ ಎರಡು ಸಂಗತಿಗಳು ಈ ಪ್ರಕರಣದ ಜೀವಾಳ. ಮೊದಲನೆಯದು, ಡೆಲಿಗೇಟ್‌ಗಳನ್ನು ಮತಪ್ರಮಾಣಕ್ಕೆ ಅನುಗುಣವಾಗಿ ಹಂಚಬೇಕು; ನೂರಕ್ಕೆ 15 ಮತ ದಾಟಿದ ಪ್ರತಿಯೊಬ್ಬರಿಗೂ ಪಾಲು ಸಿಗುತ್ತದೆ, ಗೆದ್ದವರಿಗೇ ಎಲ್ಲವೂ ಹೋಗುವುದಿಲ್ಲ. ಎರಡನೆಯದು, ಪಕ್ಷದ ಸಂಸದರು, ಗವರ್ನರ್‌ಗಳು, ರಾಷ್ಟ್ರೀಯ ಸಮಿತಿಯ ಸದಸ್ಯರು ಮತದಾರರ ತೀರ್ಪಿಗೆ ಕಟ್ಟುಬೀಳದೆ ತಮ್ಮ ಇಚ್ಛೆಯಂತೆ ಬೆಂಬಲ ಕೊಡಬಹುದಾದ ಸೂಪರ್ ಡೆಲಿಗೇಟ್‌ಗಳಾಗಿದ್ದರು. 2008ರಲ್ಲಿ ಇವರ ಸಂಖ್ಯೆ ಸುಮಾರು ಎಂಟುನೂರು, ಅಂದರೆ ಅಧಿವೇಶನದ ಒಟ್ಟು ಬಲದ ಐದನೆಯ ಒಂದು ಪಾಲಿನಷ್ಟು. ಮೊದಲ ನಿಯಮದಿಂದಾಗಿ ಮುಂದೆ ಹೋದವರನ್ನು ಹಿಡಿಯುವುದು ಕಷ್ಟ. ಎರಡನೆಯದರಿಂದಾಗಿ ಹಿಂದೆ ಬಿದ್ದವರಿಗೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ರಿಪಬ್ಲಿಕನ್ ಪಕ್ಷದಲ್ಲಿ ಅನೇಕ ರಾಜ್ಯಗಳು ಗೆದ್ದವರಿಗೇ ಎಲ್ಲ ಡೆಲಿಗೇಟ್‌ಗಳನ್ನು ಕೊಡುತ್ತಿದ್ದುದರಿಂದ ಜಾನ್ ಮೆಕೇನ್ ಅವರು ಮಾರ್ಚ್ 4ಕ್ಕೇ ಬಹುಮತ ಮುಟ್ಟಿ ಕೆಲಸ ಮುಗಿಸಿದ್ದರು.

ಅಂತರ ಹುಟ್ಟಿದ ಬಗೆ

ಜನವರಿ 3ರ ಅಯೊವಾ ಕಾಕಸ್‌ನಲ್ಲಿ ಒಬಾಮ ಗೆದ್ದರು, ಕ್ಲಿಂಟನ್ ಅವರು ಜಾನ್ ಎಡ್ವರ್ಡ್ಸ್ ಅವರಿಗೂ ಹಿಂದೆ ಬಿದ್ದು ಮೂರನೆಯ ಸ್ಥಾನಕ್ಕೆ ಹೋದರು. ಐದು ದಿನಗಳ ನಂತರ ನ್ಯೂ ಹ್ಯಾಂಪ್‌ಶೈರ್‌ನಲ್ಲಿಯೂ ಅವರು ಸೋಲುತ್ತಾರೆಂದು ಸಮೀಕ್ಷೆಗಳು ಹೇಳಿದ್ದವು, ಅವರು ಗೆದ್ದರು. ಈ ಒಂದು ಸಂಗತಿಯನ್ನು ಮುಂದಿನ ತಿಂಗಳುಗಳ ಚರ್ಚೆಯಲ್ಲಿ ಮರೆಯಬಾರದು. ಜನವರಿ 7ರ ಸಂಜೆ ತನ್ನ ಕಥೆ ಮುಗಿಯಿತೆಂದು ಎಲ್ಲರ ಬಾಯಲ್ಲೂ ಕೇಳಿ, ಜನವರಿ 8ರ ರಾತ್ರಿ ಗೆದ್ದು ನಿಂತವರಿಗೆ, ಆಮೇಲೆ ಯಾರಾದರೂ ಬಂದು ಇನ್ನು ಸಾಕು ಎಂದರೆ ಆ ಮಾತು ಸುಲಭವಾಗಿ ಕಿವಿಗೆ ಇಳಿಯುವುದಿಲ್ಲ.

ಫೆಬ್ರುವರಿ 5ರಂದು ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಒಂದೇ ದಿನ ಮತ ಹಾಕಿದವು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್‌ಗಳಂಥ ದೊಡ್ಡ ರಾಜ್ಯಗಳು ಕ್ಲಿಂಟನ್ ಅವರ ಪಾಲಾದವು. ಆದರೂ ದಿನದ ಕೊನೆಗೆ ಇಬ್ಬರ ಡೆಲಿಗೇಟ್ ಸಂಖ್ಯೆ ಹೆಚ್ಚುಕಡಿಮೆ ಸಮಸಮವಾಗಿತ್ತು. ಇದು ಹೇಗಾಯಿತೆಂಬುದನ್ನು ಎರಡು ರಾಜ್ಯಗಳ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ. ನ್ಯೂಜೆರ್ಸಿಯಲ್ಲಿ ಕ್ಲಿಂಟನ್ ಅವರು ಹತ್ತು ಲಕ್ಷಕ್ಕೂ ಹೆಚ್ಚು ಜನ ಭಾಗವಹಿಸಿದ ಚುನಾವಣೆಯನ್ನು ಗೆದ್ದು ಪಡೆದದ್ದು 59 ಡೆಲಿಗೇಟ್‌ಗಳು. ಸೋತ ಒಬಾಮ ಅವರಿಗೆ 48. ಅಂದರೆ ನಿವ್ವಳ ಲಾಭ 11. ಅದೇ ದಿನ, ಜನಸಂಖ್ಯೆಯಲ್ಲಿ ತೀರ ಚಿಕ್ಕದಾದ ಐಡಹೋ ರಾಜ್ಯದ ಕಾಕಸ್‌ನಲ್ಲಿ ಒಬಾಮ ಅವರಿಗೆ 15, ಕ್ಲಿಂಟನ್ ಅವರಿಗೆ 3. ನಿವ್ವಳ ಲಾಭ 12. ಡೆಮಾಕ್ರಟಿಕ್ ಪಕ್ಷ ನವೆಂಬರ್‌ನಲ್ಲಿ ಗೆಲ್ಲುವ ಆಸೆಯನ್ನೇ ಇಟ್ಟುಕೊಳ್ಳದ ಒಂದು ರಾಜ್ಯ, ನ್ಯೂಜೆರ್ಸಿಯಂಥ ಭದ್ರಕೋಟೆಯ ಲಾಭವನ್ನು ಅಳಿಸಿಹಾಕಿತು.

ಇದು ಅದೃಷ್ಟದ ಆಟವಾಗಿರಲಿಲ್ಲ. ಒಬಾಮ ಅವರ ತಂಡ ನಿಯಮದ ಪುಸ್ತಕವನ್ನು ಮೊದಲೇ ಓದಿಕೊಂಡು, ಐಡಹೋ, ಕ್ಯಾನ್ಸಸ್, ಕೊಲೊರಾಡೊ, ಮಿನೆಸೋಟಾಗಳ ಕಾಕಸ್‌ಗಳಿಗೆ ಕಾರ್ಯಕರ್ತರನ್ನು ಕಳಿಸಿತ್ತು. ನಾಲ್ಕು ಡೆಲಿಗೇಟ್‌ಗಳಿರುವ ಒಂದು ಕ್ಷೇತ್ರವನ್ನು ತೆಗೆದುಕೊಳ್ಳಿ. ಇಬ್ಬರೇ ಸ್ಪರ್ಧಿಗಳಿದ್ದರೆ ಅಲ್ಲಿ ಮೂರು ಡೆಲಿಗೇಟ್ ಪಡೆಯಲು ನೂರಕ್ಕೆ 62.5ಕ್ಕಿಂತ ಹೆಚ್ಚು ಮತ ಬೇಕು. ನೂರಕ್ಕೆ 60 ಮತ ಪಡೆದು ಭರ್ಜರಿಯಾಗಿ ಗೆದ್ದರೂ ಹಂಚಿಕೆ ಎರಡು–ಎರಡೇ. ಸಾಧಾರಣ ಗೆಲುವಿನಿಂದ ಅಂತರ ಬೆಳೆಯುವುದಿಲ್ಲ, ಹಾಗೆಯೇ ಬೆಳೆದ ಅಂತರ ಸಾಧಾರಣ ಗೆಲುವಿನಿಂದ ಕರಗುವುದೂ ಇಲ್ಲ. ಫೆಬ್ರುವರಿ 5ರ ನಂತರ ತಿಂಗಳ ಕೊನೆಯವರೆಗೆ ಲೂಸಿಯಾನಾ, ವಾಷಿಂಗ್ಟನ್, ಮೇರಿಲ್ಯಾಂಡ್, ವರ್ಜೀನಿಯಾ, ವಿಸ್ಕಾನ್ಸಿನ್, ಹವಾಯಿ ಹೀಗೆ ಸಾಲಾಗಿ ಒಬಾಮ ಅವರೇ ಗೆಲ್ಲುತ್ತ ಹೋದರು. ವರ್ಜೀನಿಯಾ ಒಂದರಿಂದಲೇ ಅವರಿಗೆ ಬಂದ ನಿವ್ವಳ ಲಾಭ 25 ಡೆಲಿಗೇಟ್‌ಗಳು. ಕ್ಲಿಂಟನ್ ಅವರ ತಂಡದ ಬಳಿ ಆಗ ಹಣವೂ ಇರಲಿಲ್ಲ, ಆ ರಾಜ್ಯಗಳಲ್ಲಿ ಕಟ್ಟಿದ ಸಂಘಟನೆಯೂ ಇರಲಿಲ್ಲ; ಫೆಬ್ರುವರಿ 5ಕ್ಕೇ ಎಲ್ಲ ಮುಗಿದುಹೋಗುತ್ತದೆಂದು ನಂಬಿ ಕುಳಿತವರಿಗೆ ಫೆಬ್ರುವರಿ 6ರ ಯೋಜನೆ ಇರಲಿಲ್ಲ. ಈ ಮೂರು ವಾರಗಳಲ್ಲಿ ಹುಟ್ಟಿದ ಅಂತರವೇ ಕೊನೆಯವರೆಗೂ ಉಳಿಯಿತು.

ಲೆಕ್ಕ ಹೇಳಿದ್ದು ಮತ್ತು ಹೇಳದೆ ಬಿಟ್ಟದ್ದು

ಫೆಬ್ರುವರಿಯಲ್ಲಿ ಕಣ ಬಿಡುವ ಪ್ರಶ್ನೆಗೆ ಆಧಾರವಿರಲಿಲ್ಲ. ಟೆಕ್ಸಸ್ ಮತ್ತು ಒಹಾಯೊ ಎರಡನ್ನೂ ಗೆದ್ದರೆ ಹಿಲರಿಯೇ ಅಭ್ಯರ್ಥಿ, ಇಲ್ಲವಾದರೆ ಆಗುವುದು ಕಷ್ಟ ಎಂದು ಬಿಲ್ ಕ್ಲಿಂಟನ್ ಅವರೇ ಟೆಕ್ಸಸ್‌ನ ಸಭೆಯಲ್ಲಿ ಬಹಿರಂಗವಾಗಿ ಹೇಳಿದ್ದರು. ಮಾರ್ಚ್ 4ರಂದು ಹಿಲರಿ ಅವರು ಒಹಾಯೊವನ್ನು ಚೆನ್ನಾಗಿಯೇ ಗೆದ್ದರು, ಟೆಕ್ಸಸ್ ಪ್ರೈಮರಿಯನ್ನೂ ಗೆದ್ದರು. ಆದರೆ ಟೆಕ್ಸಸ್‌ನಲ್ಲಿ ಒಂದು ಮಡಿಕೆಯಿತ್ತು. ಅಲ್ಲಿ ಹಗಲಲ್ಲಿ ಪ್ರೈಮರಿ, ಅದೇ ಸಂಜೆ ಮತಗಟ್ಟೆಯಲ್ಲಿಯೇ ಕಾಕಸ್. ಪ್ರೈಮರಿಯ 126 ಡೆಲಿಗೇಟ್‌ಗಳಲ್ಲಿ ಕ್ಲಿಂಟನ್ ಅವರಿಗೆ 65, ಒಬಾಮ ಅವರಿಗೆ 61. ಕಾಕಸ್‌ನ 67ರಲ್ಲಿ ಒಬಾಮ ಅವರಿಗೆ 38, ಕ್ಲಿಂಟನ್ ಅವರಿಗೆ 29. ಕೂಡಿಸಿದರೆ 99ಕ್ಕೆ 94. ಪತ್ರಿಕೆಗಳ ತಲೆಬರಹದಲ್ಲಿ ಕ್ಲಿಂಟನ್ ಗೆದ್ದ ರಾಜ್ಯದಲ್ಲಿ ಡೆಲಿಗೇಟ್ ಲೆಕ್ಕದಲ್ಲಿ ಗೆದ್ದವರು ಒಬಾಮ.

ಕಣ ಬಿಡಿ ಎಂಬ ಕರೆ ಗಟ್ಟಿಯಾಗಿ ಕೇಳಿಬಂದದ್ದು ಮಾರ್ಚ್ ಕೊನೆಯಲ್ಲಿ. ವರ್ಮಾಂಟ್‌ನ ಸೆನೆಟರ್ ಪ್ಯಾಟ್ರಿಕ್ ಲೇಹಿ ಅವರು ಮಾರ್ಚ್ 28ರಂದು ಕ್ಲಿಂಟನ್ ಅವರು ಹಿಂದೆ ಸರಿಯಬೇಕೆಂದರು. ಮರುದಿನವೇ ಒಬಾಮ ಅವರು, ಕ್ಲಿಂಟನ್ ಅವರು ಬಯಸಿದಷ್ಟು ಕಾಲ ಸ್ಪರ್ಧೆಯಲ್ಲಿರಬಹುದು ಎಂದು ಹೇಳಿದರು. ಮುಂದಿರುವ ಅಭ್ಯರ್ಥಿ ಆಡಬಹುದಾದ ಅತ್ಯಂತ ವಿವೇಕದ ಮಾತು ಅದು. ಎದುರಾಳಿಯನ್ನು ಹೊರದಬ್ಬಿದರೆ ಅವರ ಲಕ್ಷಾಂತರ ಬೆಂಬಲಿಗರ ಮನಸ್ಸನ್ನೂ ಹೊರದಬ್ಬಿದಂತಾಗುತ್ತದೆಂಬುದು ಅವರಿಗೆ ತಿಳಿದಿತ್ತು.

ಏಪ್ರಿಲ್ 22ರ ಪೆನ್ಸಿಲ್ವೇನಿಯಾ ಚುನಾವಣೆಯನ್ನು ಕ್ಲಿಂಟನ್ ಅವರು ಒಂಬತ್ತು ಶೇಕಡಾ ಅಂಶಗಳ ಅಂತರದಿಂದ ಗೆದ್ದರು. ಆರು ವಾರ ಇಬ್ಬರೂ ಬೆವರು ಸುರಿಸಿದ ಆ ರಾಜ್ಯದಿಂದ ಅವರಿಗೆ ಬಂದದ್ದು 85, ಒಬಾಮ ಅವರಿಗೆ 73, ನಿವ್ವಳ 12. ಎರಡು ವಾರ ಕಳೆದು ಮೇ 6ರಂದು ನಾರ್ತ್ ಕೆರೊಲಿನಾದಲ್ಲಿ ಒಬಾಮ ಅವರಿಗೆ 67, ಕ್ಲಿಂಟನ್ ಅವರಿಗೆ 48. ಇಂಡಿಯಾನಾದಲ್ಲಿ ಕ್ಲಿಂಟನ್ ಅವರಿಗೆ 38, ಒಬಾಮ ಅವರಿಗೆ 34. ಆ ಒಂದು ರಾತ್ರಿ ಒಬಾಮ ಅವರ ನಿವ್ವಳ ಲಾಭ 15. ಪೆನ್ಸಿಲ್ವೇನಿಯಾದ ಗಳಿಕೆ ಪೂರ್ತಿ ಕರಗಿ, ಮೇಲೆ ಮೂರು ಹೋಯಿತು.

ರಸರ್ಟ್ ಅವರ ಮಾತಿಗೆ ಆಧಾರವಾದ ಲೆಕ್ಕವನ್ನು ಈಗ ಬಿಡಿಸಿ ನೋಡೋಣ. ಮೇ 6ರ ನಂತರ ಉಳಿದದ್ದು ಆರು ಚುನಾವಣೆಗಳು: ವೆಸ್ಟ್ ವರ್ಜೀನಿಯಾದ 28, ಕೆಂಟಕಿಯ 51, ಒರೆಗಾನ್‌ನ 52, ಪೋರ್ಟೊ ರಿಕೊದ 55, ಮೊಂಟಾನಾದ 16, ಸೌತ್ ಡಕೋಟಾದ 15. ಒಟ್ಟು 217. ಮತದಾನದಿಂದ ನಿಗದಿಯಾಗುವ ಡೆಲಿಗೇಟ್‌ಗಳಲ್ಲಿ ಇಬ್ಬರ ನಡುವಿನ ಅಂತರ ಆಗ ನೂರೈವತ್ತಕ್ಕೂ ಹೆಚ್ಚಿತ್ತು. ಬರೀ ನೂರೈವತ್ತೆಂದೇ ಹಿಡಿದರೂ, ಅದನ್ನು ಮುಚ್ಚಲು ಕ್ಲಿಂಟನ್ ಅವರಿಗೆ 217ರಲ್ಲಿ 184 ಬೇಕಾಗಿತ್ತು, ಅಂದರೆ ನೂರಕ್ಕೆ 85ರಷ್ಟು. ಮೇ 13ರಂದು ವೆಸ್ಟ್ ವರ್ಜೀನಿಯಾದಲ್ಲಿ ಅವರು ನಲವತ್ತಕ್ಕೂ ಹೆಚ್ಚು ಶೇಕಡಾ ಅಂಶಗಳ ಅಂತರದಿಂದ ಎದುರಾಳಿಯನ್ನು ನೆಲಕಚ್ಚಿಸಿದರು. ಆಗಲೂ ಅವರಿಗೆ ಸಿಕ್ಕಿದ್ದು 28ರಲ್ಲಿ 20, ನೂರಕ್ಕೆ 71. ಆರೂ ಚುನಾವಣೆ ಮುಗಿದಾಗ ಅವರು 217ರಲ್ಲಿ 132 ಗಳಿಸಿದ್ದರು. ಕೊನೆಯ ತಿಂಗಳು ಅವರು ನಿಜಕ್ಕೂ ಒಬಾಮ ಅವರಿಗಿಂತ ಚೆನ್ನಾಗಿ ಓಡಿದರು, ಆದರೆ ಓಟದ ಅಂಗಳ ಮುಗಿದುಹೋಗಿತ್ತು.

ಹೀಗಿರುವಾಗ ಉಳಿದ ಒಂದೇ ದಾರಿ ಸೂಪರ್ ಡೆಲಿಗೇಟ್‌ಗಳದು. ಮತದಾರರ ಲೆಕ್ಕದಲ್ಲಿ ಹಿಂದಿರುವವರನ್ನು ಪಕ್ಷದ ಹಿರಿಯರು ಎತ್ತಿ ಮುಂದೆ ಕೂರಿಸಬೇಕಾಗಿತ್ತು. ನಿಯಮ ಇದಕ್ಕೆ ಅಡ್ಡಿ ಮಾಡುತ್ತಿರಲಿಲ್ಲ. ಆದರೆ ಅಮೆರಿಕದ ಇತಿಹಾಸದಲ್ಲಿ ಅಧ್ಯಕ್ಷ ಪದವಿಯ ಹೊಸ್ತಿಲಿಗೆ ಬಂದ ಮೊದಲ ಕಪ್ಪು ಅಭ್ಯರ್ಥಿ ಮತದಾರರ ನಡುವೆ ಗಳಿಸಿದ್ದನ್ನು ಪಕ್ಷದ ಮುಖಂಡರು ಒಳಕೋಣೆಯಲ್ಲಿ ಕುಳಿತು ಕಿತ್ತುಕೊಂಡರೆ, ಪಕ್ಷದ ಅತ್ಯಂತ ನಿಷ್ಠ ಮತದಾರರು ನವೆಂಬರ್‌ನಲ್ಲಿ ಮನೆಯಿಂದ ಹೊರಗೆ ಬರುತ್ತಿದ್ದರೇ? ಆ ಮುಖಂಡರಿಗೆ ಉತ್ತರ ಗೊತ್ತಿತ್ತು. ಚುನಾವಣೆ ಆರಂಭವಾಗುವ ಮೊದಲು ಸೂಪರ್ ಡೆಲಿಗೇಟ್‌ಗಳಲ್ಲಿ ದೊಡ್ಡ ಮುನ್ನಡೆಯಿದ್ದ ಕ್ಲಿಂಟನ್ ಅವರು ಮೇ ಎರಡನೆಯ ವಾರದ ಹೊತ್ತಿಗೆ ಅಲ್ಲಿಯೂ ಹಿಂದೆ ಬಿದ್ದರು.

ಲೆಕ್ಕ ಹೇಳದೆ ಬಿಟ್ಟ ಸಂಗತಿಯೂ ಒಂದಿದೆ, ನನಗೆ ಅದೇ ಹೆಚ್ಚು ಮುಖ್ಯ. ಕೆಂಟಕಿ, ಮೊಂಟಾನಾ, ಸೌತ್ ಡಕೋಟಾಗಳ ಮತದಾರರು ಪ್ರತಿ ನಾಲ್ಕು ವರ್ಷಕ್ಕೊಮ್ಮೆ ತೀರ್ಮಾನವಾಗಿಹೋದ ಮೇಲೆ ಮತ ಹಾಕಿ ರೂಢಿಯಾದವರು. ಇಂಡಿಯಾನಾ ರಾಜ್ಯಕ್ಕೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಗಳು ಮತ ಕೇಳಿಕೊಂಡು ವಾರಗಟ್ಟಲೆ ಅಲೆದದ್ದು ಎಷ್ಟೋ ದಶಕಗಳ ನಂತರ. ಪೋರ್ಟೊ ರಿಕೊದ ಜನರಿಗಂತೂ ನವೆಂಬರ್‌ನಲ್ಲಿ ಅಧ್ಯಕ್ಷರನ್ನು ಆರಿಸುವ ಹಕ್ಕೇ ಇಲ್ಲ. ಅಮೆರಿಕದ ಪೌರರಾದ ಅವರಿಗೆ ತಮ್ಮ ಅಧ್ಯಕ್ಷರ ಆಯ್ಕೆಯಲ್ಲಿ ದನಿ ಸಿಗುವುದು ಈ ಪ್ರಾಥಮಿಕ ಚುನಾವಣೆಯಲ್ಲಿ ಮಾತ್ರ. ಹಿಂದಿರುವ ಅಭ್ಯರ್ಥಿ ಮಾರ್ಚ್‌ನಲ್ಲಿ ಗಂಟುಮೂಟೆ ಕಟ್ಟಿದ್ದರೆ ಈ ಜನರೆಲ್ಲ ಮುಗಿದ ಮದುವೆಗೆ ಬಂದ ನೆಂಟರಂತೆ ನಿಲ್ಲಬೇಕಾಗುತ್ತಿತ್ತು. ಹೀಗಾಗಿ ಕಣದಲ್ಲಿ ಉಳಿಯುವ ವಿಚಾರ ಅಭ್ಯರ್ಥಿಯ ಸ್ವಂತದ್ದು ಮಾತ್ರವೆಂದು ನಾನು ತಿಳಿಯುವುದಿಲ್ಲ. ಇನ್ನೂ ಮತ ಹಾಕದವರಿಗೂ ಅದರಲ್ಲಿ ಪಾಲಿದೆ. ಈ ಕಾರಣಕ್ಕೇ, ಕೊನೆಯ ಚುನಾವಣೆಗಳು ನಡೆದ ಜೂನ್ 3ರವರೆಗೆ ಕ್ಲಿಂಟನ್ ಅವರು ಕಣದಲ್ಲಿದ್ದುದನ್ನು ನಾನು ಸಮರ್ಥಿಸುತ್ತೇನೆ.

ಉಳಿದು ಆಡಿದ ಮಾತು

ಸಮರ್ಥಿಸಲು ಆಗದೇ ಇರುವುದು ಆ ಅವಧಿಯ ಕೆಲವು ಮಾತುಗಳನ್ನು. ಮಾರ್ಚ್ ಮೊದಲ ವಾರದಲ್ಲಿ ಕ್ಲಿಂಟನ್ ಅವರು, ಸೇನೆಯ ಮಹಾದಂಡನಾಯಕರಾಗುವ ಅರ್ಹತೆಯ ಹೊಸ್ತಿಲನ್ನು ತಾನೂ ದಾಟಿದ್ದೇನೆ, ಮೆಕೇನ್ ಅವರೂ ದಾಟಿದ್ದಾರೆ, ಒಬಾಮ ಅವರ ವಿಷಯ ಅವರನ್ನೇ ಕೇಳಬೇಕು ಎಂಬರ್ಥದಲ್ಲಿ ಮಾತನಾಡಿದರು. ತನ್ನ ಪಕ್ಷದ ಸಹಸ್ಪರ್ಧಿಗಿಂತ ಎದುರುಪಕ್ಷದ ಅಭ್ಯರ್ಥಿ ಮೇಲೆಂದು ಹೇಳುವ ಈ ಮಾತು ಗೆರೆ ದಾಟಿದ ಮಾತು. ಪ್ರಾಥಮಿಕ ಚುನಾವಣೆಯಲ್ಲಿ ನೀತಿಯ ಬಗ್ಗೆ, ಅನುಭವದ ಬಗ್ಗೆ ಎಷ್ಟು ಕಟುವಾಗಿಯಾದರೂ ವಾದಿಸಬಹುದು, ಆದರೆ ನವೆಂಬರ್‌ನ ಎದುರಾಳಿಯ ಕೈಗೆ ಸಾಣೆ ಹಿಡಿದ ಕತ್ತಿ ಕೊಡಬಾರದು. ಆಗಸ್ಟ್‌ನಲ್ಲಿ ಮೆಕೇನ್ ಅವರ ತಂಡ ಕ್ಲಿಂಟನ್ ಅವರ ಪ್ರಾಥಮಿಕ ಚುನಾವಣೆಯ ಮಾತುಗಳನ್ನೇ ದೂರದರ್ಶನದ ಜಾಹೀರಾತುಗಳಿಗೆ ಬಳಸಿಕೊಂಡಿತು.

ಮೇ 6ರ ನಂತರದ ಒಂದು ಮಾತು ಇದಕ್ಕಿಂತಲೂ ಕೆಟ್ಟದ್ದು. ಕಷ್ಟಪಟ್ಟು ದುಡಿಯುವ ಅಮೆರಿಕನ್ನರಲ್ಲಿ, ಬಿಳಿಯ ಅಮೆರಿಕನ್ನರಲ್ಲಿ, ಒಬಾಮ ಅವರ ಬೆಂಬಲ ಕುಗ್ಗುತ್ತಿದೆ ಎಂದು ಅವರು ಪತ್ರಿಕಾ ಸಂದರ್ಶನದಲ್ಲಿ ಹೇಳಿದರು. ಸಮೀಕ್ಷೆಯ ಅಂಕಿಅಂಶವಾಗಿ ಅದರಲ್ಲಿ ಹುರುಳಿದ್ದಿರಬಹುದು. ಅಭ್ಯರ್ಥಿಯ ಬಾಯಿಂದ ಬಂದಾಗ ಅದು ಗಾಯವಾಯಿತು. ಮೇ 23ರಂದು ಸೌತ್ ಡಕೋಟಾದ ಸೂ ಫಾಲ್ಸ್‌ನ ಪತ್ರಿಕೆಯೊಂದರ ಸಂಪಾದಕರ ಎದುರು, ಹಿಂದೆಯೂ ಸ್ಪರ್ಧೆ ಜೂನ್‌ವರೆಗೆ ನಡೆದಿತ್ತೆಂದು ಹೇಳಲು ಹೋಗಿ ಇದೇ ಪಕ್ಷದ ಅಭ್ಯರ್ಥಿಯಾಗಲು ಸ್ಪರ್ಧಿಸುತ್ತಿದ್ದ ರಾಬರ್ಟ್ ಕೆನಡಿ ಅವರ 1968ರ ಜೂನ್‌ನ ಹತ್ಯೆಯನ್ನು ಉದಾಹರಿಸಿದರು. ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲವೆಂದೇ ನಾನು ನಂಬುತ್ತೇನೆ. ಅವರು ಕೂಡಲೇ ವಿಷಾದವನ್ನೂ ವ್ಯಕ್ತಪಡಿಸಿದರು. ಆದರೆ ಗೆಲ್ಲುವ ದಾರಿ ಮುಚ್ಚಿದ ಮೇಲೆ ಓಡುತ್ತಿರುವವರ ಬಾಯಲ್ಲಿ ಉಳಿಯಲು ಕಾರಣ ಹುಡುಕುವ ಮಾತೇ ಹೆಚ್ಚುತ್ತದೆ, ಎಡವುವುದೂ ಅಲ್ಲಿಯೇ. ವೆಸ್ಟ್ ವರ್ಜೀನಿಯಾದ ಗಣಿ ಕಾರ್ಮಿಕರ ಆರೋಗ್ಯ ವಿಮೆಯ ಬಗ್ಗೆ ಮಾತ್ರ ಆ ತಿಂಗಳೆಲ್ಲ ಮಾತನಾಡಿದ್ದರೆ ಯಾರೂ ಅವರ ಕಡೆ ಬೆರಳು ತೋರಿಸುತ್ತಿರಲಿಲ್ಲ.

ಮೇ 31: ನಿಯಮ ಮತ್ತು ನ್ಯಾಯ

ಪ್ರಕರಣದ ಅತ್ಯಂತ ತೊಡಕಿನ ಭಾಗ ಮಿಷಿಗನ್ ಮತ್ತು ಫ್ಲಾರಿಡಾಗಳದು. ಪಕ್ಷ ನಿಗದಿ ಮಾಡಿದ ದಿನಾಂಕಕ್ಕಿಂತ ಮೊದಲೇ ಚುನಾವಣೆ ನಡೆಸಲು ಹೊರಟ ಈ ಎರಡು ರಾಜ್ಯಗಳ ಎಲ್ಲ ಡೆಲಿಗೇಟ್‌ಗಳನ್ನು ಪಕ್ಷ 2007ರಲ್ಲಿಯೇ ರದ್ದು ಮಾಡಿತ್ತು. ಹಾಗೆ ರದ್ದು ಮಾಡಿದ ನಿಯಮ ಸಮಿತಿಯಲ್ಲಿ ಕ್ಲಿಂಟನ್ ಅವರ ಹಿರಿಯ ಸಲಹೆಗಾರ ಹೆರಾಲ್ಡ್ ಇಕೀಸ್ ಅವರೂ ಇದ್ದರು, ರದ್ದತಿಯ ಪರವಾಗಿ ಮತವನ್ನೂ ಹಾಕಿದ್ದರು. ಮಿಷಿಗನ್‌ನಲ್ಲಿ ಒಬಾಮ ಅವರು ತಮ್ಮ ಹೆಸರನ್ನು ಮತಪತ್ರದಿಂದ ತೆಗೆಸಿದರು. ಕ್ಲಿಂಟನ್ ಅವರು ತೆಗೆಸಲಿಲ್ಲ, ಆದರೆ ಆ ಚುನಾವಣೆ ಲೆಕ್ಕಕ್ಕೆ ಬರುವುದಿಲ್ಲವೆಂಬುದು ಸ್ಪಷ್ಟ ಎಂದು ಅಕ್ಟೋಬರ್‌ನಲ್ಲಿ ರೇಡಿಯೊ ಸಂದರ್ಶನದಲ್ಲಿ ಹೇಳಿದ್ದರು. ಜನವರಿಯಲ್ಲಿ ಮಿಷಿಗನ್‌ನಲ್ಲಿ ಅವರಿಗೆ ನೂರಕ್ಕೆ 55 ಮತ ಬಂದವು. ನೂರಕ್ಕೆ 40 ಜನ ಯಾರಿಗೂ ಬದ್ಧರಲ್ಲ ಎಂಬ ಗುರುತಿಗೆ ಮತ ಹಾಕಿ ಬಂದರು.

ಹಿಂದೆ ಬಿದ್ದ ಮೇಲೆ ಕ್ಲಿಂಟನ್ ಅವರು ಈ ಎರಡು ರಾಜ್ಯಗಳ ಮತವನ್ನು ಪೂರ್ತಿಯಾಗಿ ಎಣಿಸಬೇಕೆಂದು ಪಟ್ಟು ಹಿಡಿದರು. ಒಟ್ಟು ಮತಗಳಲ್ಲಿ ತಾನೇ ಮುಂದೆ ಎಂಬ ಅವರ ವಾದ ನಿಂತಿದ್ದು, ಎದುರಾಳಿಯ ಹೆಸರೇ ಇಲ್ಲದ ಮಿಷಿಗನ್ ಮತಗಳನ್ನು ತಮ್ಮ ಖಾತೆಗೆ ಸೇರಿಸಿಕೊಂಡು, ಒಬಾಮ ಅವರಿಗೆ ಅಲ್ಲಿ ಸೊನ್ನೆ ಬರೆದಾಗ. ಪ್ರತಿ ಮತವನ್ನೂ ಎಣಿಸಬೇಕೆಂಬ ಮಾತಿಗೆ ತೂಕವಿದೆ, ಆ ರಾಜ್ಯಗಳ ಮತದಾರರು ತಪ್ಪು ಮಾಡಿದವರಲ್ಲ. ಆದರೆ ಆಟದ ನಿಯಮವನ್ನು ಒಪ್ಪಿ ಅಂಗಳಕ್ಕಿಳಿದು, ಸೋಲು ಕಂಡ ಮೇಲೆ ನಿಯಮವೇ ಅನ್ಯಾಯವೆನ್ನುವ ವಾದದಲ್ಲಿ ನ್ಯಾಯದ ಬಲ ಉಳಿಯುವುದಿಲ್ಲ.

ಮೇ 31ರಂದು ವಾಷಿಂಗ್ಟನ್‌ನ ಹೋಟೆಲೊಂದರಲ್ಲಿ ನಿಯಮ ಸಮಿತಿ ಸೇರಿತು. ಕೋಣೆಯ ತುಂಬ ಎರಡೂ ಕಡೆಯ ಬೆಂಬಲಿಗರು, ಹೊರಗೆ ಘೋಷಣೆ, ಒಳಗೆ ಕೂಗಾಟ. ಸಮಿತಿ ಎರಡೂ ರಾಜ್ಯಗಳ ಡೆಲಿಗೇಟ್‌ಗಳನ್ನು ಅರ್ಧ ಮತದ ಬೆಲೆಗೆ ಒಳಗೆ ಸೇರಿಸಿಕೊಂಡು, ಮಿಷಿಗನ್‌ನದನ್ನು ಕ್ಲಿಂಟನ್ ಅವರಿಗೆ 69, ಒಬಾಮ ಅವರಿಗೆ 59ರಂತೆ ಹಂಚಿತು. ಇಕೀಸ್ ಅವರು ಕೋಪದಿಂದ ಆಕ್ಷೇಪಿಸಿ, ಅಧಿವೇಶನದ ಅರ್ಹತಾ ಸಮಿತಿಯವರೆಗೆ ಇದನ್ನು ಒಯ್ಯುವ ಹಕ್ಕನ್ನು ಕ್ಲಿಂಟನ್ ಅವರು ಕಾಯ್ದಿರಿಸಿಕೊಂಡಿದ್ದಾರೆಂದು ಎಚ್ಚರಿಸಿದರು. ಇಷ್ಟೆಲ್ಲ ಆಗಿ ಕ್ಲಿಂಟನ್ ಅವರಿಗೆ ದಕ್ಕಿದ ನಿವ್ವಳ ಲಾಭ 24. ಬಹುಮತದ ಗೆರೆ 2,118ಕ್ಕೆ ಏರಿತು. ಆ ಬೆದರಿಕೆ ನಿಜವಾಗಿದ್ದರೆ ಜಗಳ ಆಗಸ್ಟ್‌ನ ಅಧಿವೇಶನದವರೆಗೆ ಎಳೆಯುತ್ತಿತ್ತು. ಉಳಿಯುವ ಹಕ್ಕು ಎಲ್ಲಿ ಮುಗಿಯುತ್ತದೆ ಎಂದು ಕೇಳಿದರೆ ನಾನು ತೋರಿಸುವ ಜಾಗ ಇದು: ಕೊನೆಯ ಮತದಾರ ಮತ ಹಾಕಿದ ಮೇಲೆ ಉಳಿಯುವುದು ಸಮಿತಿಗಳ ಜಗಳ ಮಾತ್ರ, ಅದಕ್ಕಾಗಿ ಕಣದಲ್ಲಿ ನಿಲ್ಲಬಾರದು.

1980ರ ಎಚ್ಚರಿಕೆ

ಹಾಗೆ ಎಳೆದರೆ ಏನಾಗುತ್ತದೆಂಬುದಕ್ಕೆ ಪಕ್ಷದ ನೆನಪಿನಲ್ಲಿ ಉದಾಹರಣೆಯಿತ್ತು. 1980ರಲ್ಲಿ ಹಾಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಎದುರು ನಿಂತ ಸೆನೆಟರ್ ಎಡ್ವರ್ಡ್ ಕೆನಡಿ ಅವರು, ಜೂನ್‌ನಲ್ಲಿ ಕಾರ್ಟರ್ ಅವರಿಗೆ ಬಹುಮತ ಸಿಕ್ಕ ಮೇಲೆಯೂ ಬಿಡದೆ, ಡೆಲಿಗೇಟ್‌ಗಳನ್ನು ಅವರ ಬದ್ಧತೆಯಿಂದ ಬಿಡುಗಡೆ ಮಾಡಬೇಕೆಂದು ನ್ಯೂಯಾರ್ಕ್‌ನ ಅಧಿವೇಶನದವರೆಗೆ ಹೋರಾಡಿದರು. ಆಗಸ್ಟ್ 11ರಂದು ಆ ನಿಯಮದ ಮತದಾನದಲ್ಲಿ ಸೋತು ಹಿಂದೆ ಸರಿದರು. ಕೊನೆಯ ದಿನ ವೇದಿಕೆಯ ಮೇಲೆ ಕಾರ್ಟರ್ ಅವರು, ಇಬ್ಬರ ಕೈಗಳೂ ಒಟ್ಟಿಗೆ ಮೇಲೇಳುವ ಆ ಒಂದು ಚಿತ್ರಕ್ಕಾಗಿ, ಕೆನಡಿ ಅವರ ಹಿಂದೆ ಮುಂದೆ ಸುಳಿದಾಡಿದರೂ ಅದು ಕೂಡಿಬರಲಿಲ್ಲ. ಕೈಕುಲುಕಿ ಕೆನಡಿ ಅವರು ದೂರ ಸರಿದರು. ನವೆಂಬರ್‌ನಲ್ಲಿ ರೊನಾಲ್ಡ್ ರೇಗನ್ ಅವರು 44 ರಾಜ್ಯಗಳನ್ನು ಗೆದ್ದರು. ಹಣದುಬ್ಬರವೂ ಇರಾನ್‌ನಲ್ಲಿ ಸಿಕ್ಕಿಬಿದ್ದಿದ್ದ 52 ಒತ್ತೆಯಾಳುಗಳೂ ಕಾರ್ಟರ್ ಅವರ ಸೋಲಿಗೆ ಕೆನಡಿ ಅವರಿಗಿಂತ ದೊಡ್ಡ ಕಾರಣ ಎಂಬುದನ್ನು ಒಪ್ಪಲೇಬೇಕು. ಆದರೂ ಒಡೆದ ಮನೆಯ ಆ ಚಿತ್ರ ಪಕ್ಷದವರ ಕಣ್ಣಿನಿಂದ ಅಳಿಯಲಿಲ್ಲ.

2008ರ ಮಾರ್ಚ್‌ನಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ ಕ್ಲಿಂಟನ್ ಅವರ ಬೆಂಬಲಿಗರಲ್ಲಿ ನೂರಕ್ಕೆ 28 ಜನ, ಒಬಾಮ ಅಭ್ಯರ್ಥಿಯಾದರೆ ಮೆಕೇನ್ ಅವರಿಗೆ ಮತ ಹಾಕುವುದಾಗಿ ಹೇಳಿದಾಗ ಮುಖಂಡರು ಬೆಚ್ಚಿದ್ದು ಈ ಹಿನ್ನೆಲೆಯಲ್ಲಿ. ನವೆಂಬರ್‌ನಲ್ಲಿ ಹಾಗಾಗಲಿಲ್ಲ. ಮತಗಟ್ಟೆ ಸಮೀಕ್ಷೆಯ ಪ್ರಕಾರ ಡೆಮಾಕ್ರಟಿಕ್ ಮತದಾರರಲ್ಲಿ ನೂರಕ್ಕೆ 89 ಜನ ಒಬಾಮ ಅವರಿಗೇ ಮತ ಹಾಕಿದ್ದರು. 1964ರ ನಂತರ ಡೆಮಾಕ್ರಟಿಕ್ ಪಕ್ಷ ಗೆಲ್ಲದಿದ್ದ ಇಂಡಿಯಾನಾವನ್ನೂ, 1976ರ ನಂತರ ಗೆಲ್ಲದಿದ್ದ ನಾರ್ತ್ ಕೆರೊಲಿನಾವನ್ನೂ ಅವರು ಗೆದ್ದರು. ಎರಡನೆಯದನ್ನು ಗೆದ್ದದ್ದು ಹದಿನಾಲ್ಕು ಸಾವಿರದಷ್ಟು ಮತಗಳಿಂದ. ಮೇ ತಿಂಗಳಲ್ಲಿ ಕ್ಲಿಂಟನ್ ಅವರು ಕಣದಲ್ಲಿ ಇಲ್ಲದಿದ್ದರೆ ಒಬಾಮ ಅವರ ಕಾರ್ಯಕರ್ತರು ಆ ಎರಡು ರಾಜ್ಯಗಳಲ್ಲಿ ವಾರಗಟ್ಟಲೆ ಮನೆಮನೆ ಸುತ್ತುವ ಪ್ರಮೇಯವೇ ಬರುತ್ತಿರಲಿಲ್ಲ, ಹೊಸ ಮತದಾರರನ್ನು ನೋಂದಾಯಿಸುವ ತರಾತುರಿಯೂ ಇರುತ್ತಿರಲಿಲ್ಲ. ಸೆಪ್ಟೆಂಬರ್‌ನ ಆರ್ಥಿಕ ಕುಸಿತ ಇಡೀ ಚುನಾವಣೆಯ ಗತಿಯನ್ನು ತಿರುಗಿಸಿತ್ತೆಂಬುದು ನಿಜ. ಆದರೆ ಅಷ್ಟು ಸಣ್ಣ ಅಂತರದ ಗೆಲುವಿನಲ್ಲಿ ಮೇ ತಿಂಗಳ ಆ ಅಲೆದಾಟದ ಪಾಲಿಲ್ಲವೆಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಬೆಲೆ ತೆತ್ತವರಲ್ಲಿ ಅಭ್ಯರ್ಥಿಯೂ ಒಬ್ಬರು. ಕ್ಲಿಂಟನ್ ಅವರು ಮೊದಲು 50 ಲಕ್ಷ ಡಾಲರ್, ಮೇ 6ರ ಮುಂಚಿನ ವಾರಗಳಲ್ಲಿ ಮತ್ತೆ 64 ಲಕ್ಷ ಡಾಲರ್ ಸ್ವಂತ ಹಣವನ್ನು ಪ್ರಚಾರಕ್ಕೆ ಸಾಲವಾಗಿ ಹಾಕಿದರು. ಅಭ್ಯರ್ಥಿ ಹೀಗೆ ಕೊಟ್ಟ ಸಾಲದಲ್ಲಿ ಎರಡೂವರೆ ಲಕ್ಷ ಡಾಲರಿಗಿಂತ ಹೆಚ್ಚಿನದನ್ನು, ಸ್ಪರ್ಧೆ ಮುಗಿದ ಮೇಲೆ ಬರುವ ದೇಣಿಗೆಯಿಂದ ತೀರಿಸಿಕೊಳ್ಳಲು ಅಂದಿನ ಕಾನೂನು ಬಿಡುತ್ತಿರಲಿಲ್ಲ. ಆ ಹಣವನ್ನು ಅವರು ಬಿಟ್ಟುಕೊಡಬೇಕಾಯಿತು. ಇತರರಿಗೆ ಕೊಡಬೇಕಿದ್ದ ಬಾಕಿ ತೀರಿಸಲು ವರ್ಷಗಳೇ ಹಿಡಿದವು.

ಹೊರಟ ರೀತಿ

ಜೂನ್ 3ರ ರಾತ್ರಿ ಒಬಾಮ ಅವರು ಬಹುಮತದ ಗೆರೆ ದಾಟಿದರು. ನ್ಯೂಯಾರ್ಕ್‌ನಲ್ಲಿ ಮಾತನಾಡಿದ ಕ್ಲಿಂಟನ್ ಅವರು ಅಂದು ಸೋಲೊಪ್ಪಲಿಲ್ಲ. ಆ ಒಂದು ರಾತ್ರಿಯನ್ನು ಎದುರಾಳಿಗೆ ಬಿಟ್ಟುಕೊಟ್ಟಿದ್ದರೆ ಚೆನ್ನಾಗಿರುತ್ತಿತ್ತು. ನಾಲ್ಕು ದಿನ ಕಳೆದು, ಜೂನ್ 7ರಂದು ವಾಷಿಂಗ್ಟನ್‌ನ ನ್ಯಾಷನಲ್ ಬಿಲ್ಡಿಂಗ್ ಮ್ಯೂಸಿಯಂನಲ್ಲಿ ಅವರು ಪ್ರಚಾರ ನಿಲ್ಲಿಸಿ ಒಬಾಮ ಅವರಿಗೆ ಬೆಂಬಲ ಘೋಷಿಸಿದರು. ಮಹಿಳೆಯರ ತಲೆಯ ಮೇಲಿನ ಗಾಜಿನ ಛಾವಣಿಯಲ್ಲಿ ಈಗ ಒಂದು ಕೋಟಿ ಎಂಬತ್ತು ಲಕ್ಷ ಬಿರುಕುಗಳಿವೆ ಎಂದು ತಮಗೆ ಬಿದ್ದ ಮತಗಳನ್ನು ನೆನೆದರು. ಆ ಮಾತಿಗೆ ಅಷ್ಟು ತೂಕ ಬಂದದ್ದು ಕೊನೆಯ ರಾಜ್ಯದವರೆಗೂ ಅವರು ನಿಂತಿದ್ದರಿಂದ. ಫೆಬ್ರುವರಿಯಲ್ಲಿ ಹೊರಟಿದ್ದರೆ ಆ ಸಂಖ್ಯೆ ಇರುತ್ತಿರಲಿಲ್ಲ. ಜೂನ್ 27ರಂದು ಇಬ್ಬರೂ ಒಟ್ಟಾಗಿ ಪ್ರಚಾರ ಮಾಡಲು ಮೊದಲ ಬಾರಿಗೆ ಒಂದೇ ವೇದಿಕೆ ಏರಿದ್ದು ನ್ಯೂ ಹ್ಯಾಂಪ್‌ಶೈರ್‌ನ ಯೂನಿಟಿ ಎಂಬ ಪುಟ್ಟ ಊರಿನಲ್ಲಿ. ಜನವರಿಯಲ್ಲಿ ಆ ಊರು ಇಬ್ಬರಿಗೂ ತಲಾ 107 ಮತ ಕೊಟ್ಟಿತ್ತು.

ಆಗಸ್ಟ್ 27ರಂದು ಡೆನ್ವರ್ ಅಧಿವೇಶನದಲ್ಲಿ ರಾಜ್ಯಗಳ ಹೆಸರು ಕೂಗುವ ಮತದಾನ ಶುರುವಾಯಿತು. ಕ್ಲಿಂಟನ್ ಅವರ ಹೆಸರೂ ನಾಮನಿರ್ದೇಶನದಲ್ಲಿತ್ತು. ಅವರಿಗಾಗಿ ಆರಿಸಿಬಂದಿದ್ದ ಡೆಲಿಗೇಟ್‌ಗಳಿಗೆ ಮತ ಹಾಕುವ ಅವಕಾಶ ಸಿಗಲೆಂದು ಎರಡೂ ಕಡೆಯವರು ಒಪ್ಪಿಕೊಂಡಿದ್ದರು. ನ್ಯೂ ಮೆಕ್ಸಿಕೊ ತನ್ನ ಸರದಿಯನ್ನು ಒಬಾಮ ಅವರ ಇಲಿನಾಯ್‌ಗೆ ಬಿಟ್ಟುಕೊಟ್ಟಿತು, ಇಲಿನಾಯ್ ಅದನ್ನು ನ್ಯೂಯಾರ್ಕ್‌ಗೆ ಬಿಟ್ಟುಕೊಟ್ಟಿತು. ಆ ಹೊತ್ತಿಗೆ ಎಣಿಕೆಯಾದದ್ದು ಒಬಾಮ ಅವರಿಗೆ 1,549.5, ಕ್ಲಿಂಟನ್ ಅವರಿಗೆ 341.5. ನ್ಯೂಯಾರ್ಕ್ ಡೆಲಿಗೇಟ್‌ಗಳ ನಡುವೆ ನಡೆದುಬಂದ ಕ್ಲಿಂಟನ್ ಅವರು ಮೈಕ್ ಹಿಡಿದು, ಎಣಿಕೆಯನ್ನು ಇಲ್ಲಿಗೇ ನಿಲ್ಲಿಸಿ ಬರಾಕ್ ಒಬಾಮ ಅವರನ್ನು ಧ್ವನಿಮತದಿಂದ ಆರಿಸಬೇಕೆಂದು ಸೂಚಿಸಿದರು. ಅಧ್ಯಕ್ಷತೆ ವಹಿಸಿದ್ದ ನ್ಯಾನ್ಸಿ ಪೆಲೋಸಿ ಅವರು ಅನುಮೋದನೆ ಕೇಳುವಷ್ಟರಲ್ಲಿ ಸಭಾಂಗಣ ಎದ್ದು ನಿಂತಿತ್ತು.